ನಂಬರು ಬದಲಾಗುವ ಮುನ್ನ: ಅಪರೂಪದ ಕಾಯಿಲೆಗಳ ಸಂಸ್ಥೆಯಲ್ಲಿ ಸಹೋದ್ಯೋಗಿಯ ಬೀಳ್ಕೊಡುಗೆ

ರಾಯಚೂರಿನ ಕಡೆಯ ಒಬ್ಬ ತಾಯಿ ಫೋನ್ ಮಾಡುತ್ತಾರೆ ಎಂದುಕೊಳ್ಳಿ. ಮಗನಿಗೆ ಎರಡು ವಾರಕ್ಕೊಮ್ಮೆ ಬೆಂಗಳೂರಿನಲ್ಲಿ ಕಿಣ್ವದ ಡ್ರಿಪ್ ಹಾಕಿಸಬೇಕು. "ಮೇಡಂರೀ, ಸೋಮವಾರ ಬರೋದು ಹೌದಲ್ರೀ? ಔಷಧ ಬಂದೈತೇನ್ರಿ?" ಆ ಕಡೆಯಿಂದ ಹೊಸ ದನಿ: "ಅವರು ಕೆಲಸ ಬಿಟ್ರಲ್ಲಮ್ಮ. ನೀವ್ಯಾರು? ಮಗೂಗೆ ಯಾವ ಕಾಯಿಲೆ?" ಆ ತಾಯಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಕಾಯಿಲೆಯ ಹೆಸರನ್ನು ನಾಲಿಗೆಗೆ ರೂಢಿ ಮಾಡಿಸಿದ್ದೇ ಕೆಲಸ ಬಿಟ್ಟ ಆ ಮೇಡಂ.

ಸಂಸ್ಥೆಯಲ್ಲಿ ಸೆಂಡಾಫ್ ಚೆನ್ನಾಗಿಯೇ ನಡೆದಿರುತ್ತದೆ. ಶಾಲು, ಹಾರ, ಫಲತಾಂಬೂಲ, ಕೇಕು, ಗ್ರೂಪ್ ಫೋಟೊ, ಯಾವುದಕ್ಕೂ ಕೊರತೆ ಇರುವುದಿಲ್ಲ. ಮೊದಲು ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ಮಾತ್ರ ತಿಳಿದಿರುವುದಿಲ್ಲ. ಅಪರೂಪದ ಕಾಯಿಲೆಗಳ ಸೇವಾ ಸಂಸ್ಥೆಯಲ್ಲಿ ಬೀಳ್ಕೊಡುಗೆ ಶುರುವಾಗಬೇಕಾದದ್ದು ಮನೆಗಳಿಂದ. ಕಚೇರಿಯ ಸಭೆ ಅದರ ಕೊನೆಯ ಭಾಗ. ಈ ಕ್ರಮವನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು ಈ ಕೆಲಸವನ್ನು ಹತ್ತಿರದಿಂದ ಕಂಡವಳಾಗಿ ನನ್ನ ನಂಬಿಕೆ.

ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಒಬ್ಬರು ಹೋದರೆ ಅವರ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ, ಕೆಲಸ ನಡೆಯುತ್ತದೆ. ಇಲ್ಲಿ ಹಾಗಲ್ಲ. ಮಗುವಿಗೆ ಏನಾಗಿದೆ ಎಂದು ತಿಳಿಯಲಿಕ್ಕೇ ಎಷ್ಟೋ ಕುಟುಂಬಗಳಿಗೆ ವರ್ಷಗಳು ಹಿಡಿದಿರುತ್ತವೆ. ಊರಿನ ಡಾಕ್ಟರು, ತಾಲೂಕು ಆಸ್ಪತ್ರೆ, ಹುಬ್ಬಳ್ಳಿ, ಆಮೇಲೆ ಬೆಂಗಳೂರು. ನಡುವೆ ದೇವರಿಗೆ ಹರಕೆ, ಸಾಲ, ತಾಯಿಯ ಮೇಲೆ ಮನೆಯವರ ದೂರು. ಸೋದರಮಾವನನ್ನೇ ಮದುವೆಯಾಗಿದ್ದರೆ ಅದಕ್ಕೂ ಚುಚ್ಚುಮಾತು. ಇಷ್ಟೆಲ್ಲ ಆದ ಮೇಲೆ ಒಂದು ದಿನ ಒಬ್ಬ ಕೋಆರ್ಡಿನೇಟರ್ ಎದುರು ಕೂತು, "ಇದು ಯಾರ ತಪ್ಪೂ ಅಲ್ಲಮ್ಮ. ಈ ಕಾಯಿಲೆ ಇರೋ ಇನ್ನೊಂದು ಮಗು ದಾವಣಗೆರೆಯಲ್ಲಿದೆ, ಅವರ ಜೊತೆ ಮಾತಾಡ್ತೀರಾ?" ಎನ್ನುತ್ತಾರೆ. ಆ ಮಾತು ಆಡಿದವರನ್ನು ಆ ಮನೆ ಮರೆಯುವುದಿಲ್ಲ. ಅವರ ನಂಬರು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಶಾಲೆಯ ಡೈರಿಯಲ್ಲಿ, ಅಜ್ಜಿಯ ಫೋನಿನಲ್ಲಿ ಕೂತಿರುತ್ತದೆ. ಅಂಥವರು ಹೋಗುವಾಗ ಆ ವಿಶ್ವಾಸವನ್ನು ಇನ್ನೊಬ್ಬರ ಕೈಗೆ ಹೇಗೆ ದಾಟಿಸಬೇಕು ಎಂಬುದೇ ಮೊದಲು ಯೋಚಿಸಬೇಕಾದ ವಿಷಯ.

ದಿನ ಗೊತ್ತುಮಾಡುವಾಗ

ಕೊನೆಯ ಕೆಲಸದ ದಿನವನ್ನು ಎಚ್‌ಆರ್ ಲೆಕ್ಕದಲ್ಲಿ ಮಾತ್ರ ನೋಡಬೇಡಿ, ಡ್ರಿಪ್ಪಿನ ಲೆಕ್ಕದಲ್ಲೂ ನೋಡಿ. ಗೋಷೆ, ಪಾಂಪೆ ಕಾಯಿಲೆಗಳಿಗೆ ಕಿಣ್ವದ ಔಷಧ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ. ಎಂಪಿಎಸ್ (ಮ್ಯೂಕೋಪಾಲಿಸ್ಯಾಕರಿಡೋಸಿಸ್) ಕಾಯಿಲೆಯ ಒಂದು ಮತ್ತು ಎರಡನೆಯ ಬಗೆಗಳಿಗೆ ವಾರಕ್ಕೊಮ್ಮೆ. ಹೋಗುವವರು ಮತ್ತು ಅವರ ಜಾಗಕ್ಕೆ ಬರುವವರು ಇಬ್ಬರೂ ಒಟ್ಟಿಗೆ ಇರುವ ಕನಿಷ್ಠ ಎರಡು ಸರದಿ ಸಿಗುವಂತೆ ದಿನ ಹೊಂದಿಸಿ. ಮೊದಲ ಸಲ ಹಳಬರು ಮಾತಾಡಲಿ, ಹೊಸಬರು ಪಕ್ಕದಲ್ಲಿರಲಿ. ಎರಡನೆಯ ಸಲ ಹೊಸಬರು ಮಾತಾಡಲಿ, ಹಳಬರು ಪಕ್ಕದಲ್ಲಿ ಸುಮ್ಮನೆ ನಿಂತಿರಲಿ. ಆಸ್ಪತ್ರೆಯ ವಾರ್ಡಿನಲ್ಲಿ ಮಗುವಿನ ಮಂಚದ ಪಕ್ಕ ನಡೆಯುವ ಈ ಪರಿಚಯಕ್ಕೆ ಯಾವ ಸಮಾರಂಭವೂ ಸಾಟಿಯಲ್ಲ.

ಫೆಬ್ರವರಿಯ ಕೊನೆಯ ದಿನ ಅಪರೂಪದ ಕಾಯಿಲೆಗಳ ದಿನ. 2008ರಲ್ಲಿ ಯುರೋಪಿನ ರೋಗಿ ಸಂಘಟನೆಗಳ ಒಕ್ಕೂಟವಾದ ಯುರೋರ್ಡಿಸ್ ಇದನ್ನು ಶುರುಮಾಡಿದಾಗ ಫೆಬ್ರವರಿ 29ನ್ನು ಆರಿಸಿಕೊಂಡಿತು. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ದಿನವೇ ಅಪರೂಪದ್ದು ಎಂಬುದು ಕಾರಣ. ಬೆಂಗಳೂರಿನಲ್ಲಿ ಈ ಹೊತ್ತಿಗೆ ಸಂಸ್ಥೆಗಳಿಗೆಲ್ಲ ಬಿಡುವಿರುವುದಿಲ್ಲ. ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ನಡೆಸುವ 'ರೇಸ್ ಫಾರ್ 7' ಓಟ ನೋಡಿದವರಿಗೆ ಆ ಸಂಭ್ರಮ ಗೊತ್ತು. ಸುಮಾರು 7,000 ಅಪರೂಪದ ಕಾಯಿಲೆಗಳ ನೆನಪಿಗೆ ಏಳು ಕಿಲೋಮೀಟರ್ ಓಟ ಅದು. ಅದು ಮುಗಿಯುತ್ತಲೇ ಮಾರ್ಚ್, ದಾನಿಗಳಿಗೆ ಲೆಕ್ಕ ಒಪ್ಪಿಸುವ ತಿಂಗಳು. ದಣಿದವರು ರಾಜೀನಾಮೆ ಕೊಡುವುದೂ ಈ ಆಸುಪಾಸಿನಲ್ಲೇ. "ಹೇಗೂ ಎಲ್ಲರೂ ಸೇರಿರುತ್ತಾರೆ" ಎಂದು ಫೆಬ್ರವರಿಯ ವೇದಿಕೆಯ ಮೇಲೆಯೇ ಬೀಳ್ಕೊಡುಗೆಯನ್ನೂ ಮುಗಿಸುವ ಸಂಸ್ಥೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಆ ದಿನ ಕುಟುಂಬಗಳದ್ದು. ತಮ್ಮ ಮಗುವಿನ ಕಾಯಿಲೆಯ ಹೆಸರು ಮೈಕಿನಲ್ಲಿ ಕೇಳಲೆಂದು ಬೀದರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರ ಹೊತ್ತನ್ನು ನಮ್ಮ ಕಚೇರಿಯ ವಿದಾಯಕ್ಕೆ ತೆಗೆದುಕೊಳ್ಳುವುದು ಸರಿಯಲ್ಲ.

ಮನೆಗಳಿಗೆ ಹೇಳುವುದು

ಯಾರಿಗೆ ಯಾವಾಗ ಹೇಳಬೇಕು ಎಂಬ ಪಟ್ಟಿಯನ್ನು ಹೋಗುವವರೇ ಮಾಡಲಿ. ಈಗ ಚಿಕಿತ್ಸೆಯಲ್ಲಿರುವ ಮಕ್ಕಳ ಮನೆಗಳು ಮೊದಲು. ರಿಪೋರ್ಟಿಗೆ ಕಾಯುತ್ತಿರುವವರು ಆಮೇಲೆ. ಮೂರನೆಯ ಗುಂಪೊಂದಿದೆ, ಅದನ್ನು ಮರೆಯುವವರೇ ಹೆಚ್ಚು. ಮಗುವನ್ನು ಕಳೆದುಕೊಂಡ ಮನೆಗಳು ಅವು. ಕಡತ ಮುಚ್ಚಿರುತ್ತದೆ, ಆದರೆ ಮಗುವಿನ ಹುಟ್ಟಿದ ದಿನ ಬಂದಾಗ ಆ ತಾಯಿ ಇಂದಿಗೂ ಒಂದು ಮೆಸೇಜು ಹಾಕುತ್ತಿರುತ್ತಾರೆ. ಒಂದು ವರ್ಷ ಆ ಮೆಸೇಜಿಗೆ ಉತ್ತರ ಬರಲಿಲ್ಲವೆಂದರೆ ಅವರ ಪಾಲಿಗೆ ಮಗುವನ್ನು ಬಲ್ಲವರೊಬ್ಬರು ಕಡಿಮೆಯಾದಂತೆ. ಅವರಿಗೂ ಫೋನ್ ಹೋಗಲೇಬೇಕು.

ಫೋನೇ ಆಗಬೇಕು, ಮೆಸೇಜು ಆಮೇಲೆ. ಓದು ಬಾರದವರಿಗೆ ವಾಯ್ಸ್ ಮೆಸೇಜು ಕಳಿಸಿ. ಅವರವರ ಮನೆಮಾತಿನಲ್ಲೇ ಹೇಳಿ. ಕಲಬುರಗಿಯ ಮನೆಗೆ ದಖನಿಯಲ್ಲಿ, ಪುತ್ತೂರಿನ ಮನೆಗೆ ತುಳುವಿನಲ್ಲಿ ಹೇಳಬಲ್ಲವರು ಕಚೇರಿಯಲ್ಲಿದ್ದರೆ ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ಹೇಳಬೇಕಾದದ್ದು ಹೆಚ್ಚೇನಿಲ್ಲ. ಮಾದರಿಗೆ ಹೀಗೆ:

"ನಮಸ್ಕಾರ ಅಕ್ಕ. ಒಂದು ವಿಷಯ ಹೇಳೋಣ ಅಂತ ಫೋನ್ ಮಾಡ್ದೆ, ಗಾಬರಿ ಆಗ್ಬೇಡಿ. ಈ ತಿಂಗಳ ಕೊನೆಗೆ ನಾನು ಈ ಕೆಲಸ ಬಿಡ್ತಾ ಇದ್ದೀನಿ. ಮಗೂನ ಔಷಧಕ್ಕೆ ಏನೂ ತೊಂದರೆ ಇಲ್ಲ, ಹದಿನಾಲ್ಕನೇ ತಾರೀಕು ಎಂದಿನ ಹಾಗೇ ಬನ್ನಿ. ಇನ್ನು ಮುಂದೆ ನಿಮ್ಮ ಜೊತೆ ಇರೋರು ಇವರು, ಈಗ ಲೈನಲ್ಲೇ ಇದ್ದಾರೆ. ಮಗೂಗೆ ಸೂಜಿ ಹಾಕೋವಾಗ ಹಾಡು ಹಾಕಬೇಕು ಅಂತಾನೂ ಹೇಳಿದ್ದೀನಿ. ಆಫೀಸಿನ ನಂಬರು ಬದಲಾಗಲ್ಲ. ಹದಿನಾಲ್ಕಕ್ಕೆ ನಾನೂ ವಾರ್ಡಿಗೆ ಬರ್ತೀನಿ, ಅಲ್ಲಿ ಸಿಗೋಣ."

ಇದರಲ್ಲಿ ಕೆಲಸ ಬಿಡುವ ಮಾತಿನ ಬೆನ್ನಿಗೇ ಔಷಧದ ಮಾತು ಬರುವುದನ್ನು ಗಮನಿಸಿ. "ಕೆಲಸ ಬಿಡ್ತಿದ್ದೀನಿ" ಎಂದ ಕ್ಷಣ ಆ ತಾಯಿಯ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಔಷಧ ನಿಂತುಹೋಗುತ್ತದೆಯೇ? ಅದಕ್ಕೆ ಉತ್ತರ ಸಿಗುವ ತನಕ ಉಳಿದ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಹೇಳಬಾರದ ಮಾತೂ ಒಂದಿದೆ: "ನಾನು ಎಲ್ಲೇ ಇದ್ರೂ ಯಾವಾಗ ಬೇಕಾದ್ರೂ ಫೋನ್ ಮಾಡಿ." ಪ್ರೀತಿಯಿಂದಲೇ ಬರುವ ಮಾತು ಅದು. ಆದರೆ ಹೊಸ ಕೆಲಸ, ಹೊಸ ಊರು, ಮನೆಯ ತಾಪತ್ರಯಗಳ ನಡುವೆ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಎತ್ತದೆ ಉಳಿದ ಒಂದು ಕರೆ ಆ ಮನೆಗೆ ಕೊಡುವ ನೋವು, ಮೊದಲೇ ನಿಚ್ಚಳವಾಗಿ ಹೇಳಿ ಹೋಗುವುದಕ್ಕಿಂತ ದೊಡ್ಡದು. ಮೇಲಾಗಿ ಹಳಬರಿಗೇ ಕರೆ ಹೋಗುತ್ತಿದ್ದರೆ ಹೊಸಬರ ಜೊತೆ ಆ ಮನೆಗೆ ಸಲಿಗೆ ಬೆಳೆಯುವುದೇ ಇಲ್ಲ. ಬಾಂಧವ್ಯ ಉಳಿಸಿಕೊಳ್ಳಬೇಕೆಂದಿದ್ದರೆ ಕೆಲವು ತಿಂಗಳು ಕಳೆಯಲಿ. ಆಮೇಲೆ ಸ್ನೇಹಿತರಾಗಿ ಮಾತಾಡಿಸಲು ಯಾರ ಅಡ್ಡಿಯೂ ಇಲ್ಲ, ಆ ಮಾತಿನಲ್ಲಿ ಚಿಕಿತ್ಸೆಯ ಸಲಹೆ ಬೆರೆಯದಿದ್ದರೆ ಆಯಿತು.

ಹೊರಗಿನವರು ಬರುವುದು ಹೋಗುವುದು ನಮ್ಮ ನಾಡಿನ ಕೆಲವು ಊರುಗಳಿಗೆ ಚೆನ್ನಾಗಿ ಗೊತ್ತು. ಸಾಗರ ತಾಲೂಕಿನ ಹಂದಿಗೋಡು ಊರಿನ ಹೆಸರನ್ನೇ ಹೊತ್ತ ಮೂಳೆ-ಕೀಲುಗಳ ಆನುವಂಶಿಕ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂತು. ಅಲ್ಲಿಂದೀಚೆಗೆ ಎಷ್ಟೋ ತಂಡಗಳು ಆ ಮನೆಗಳಿಗೆ ಬಂದುಹೋಗಿವೆ. ರಕ್ತ ಕೊಟ್ಟವರಿಗೆ, ಎಕ್ಸ್‌ರೇಗೆ ನಿಂತವರಿಗೆ, "ನಾಳೆಯಿಂದ ನಾವು ಬರುವುದಿಲ್ಲ, ಬರುವವರು ಇವರು" ಎಂದು ಬಾಗಿಲಲ್ಲಿ ನಿಂತು ಹೇಳಿಹೋಗುವ ಸೌಜನ್ಯವನ್ನು ಯಾವ ಸಂಸ್ಥೆಯೂ ತಪ್ಪಿಸಬಾರದು.

ಕಡತದಲ್ಲಿ ಏನಿರಬೇಕು

ಹಸ್ತಾಂತರದ ಕಡತವನ್ನು ಬೀಳ್ಕೊಡುಗೆಯ ಲೇಖನದಲ್ಲಿ ಯಾಕೆ ತರುತ್ತಿದ್ದೇನೆ ಎನ್ನಿಸಬಹುದು. ಸಹೋದ್ಯೋಗಿಯೊಬ್ಬರ ವರ್ಷಗಳ ದುಡಿಮೆಗೆ ಕೊಡಬಹುದಾದ ದೊಡ್ಡ ಮರ್ಯಾದೆಯೆಂದರೆ ಆ ದುಡಿಮೆ ಅವರೊಂದಿಗೇ ಹೊರಟುಹೋಗದಂತೆ ನೋಡಿಕೊಳ್ಳುವುದು. ಕೊನೆಯ ವಾರ ಹೊಸ ಕೆಲಸ ಹೇರದೆ ಅವರಿಗೆ ಬರೆಯಲು ಸಮಯ ಕೊಡಿ.

ಉದಾಹರಣೆಗೆ ಸರ್ಕಾರದ ನೆರವಿನ ಅರ್ಜಿಗಳನ್ನೇ ನೋಡಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಕಾಯಿಲೆಗಳನ್ನು ಮೂರು ಗುಂಪು ಮಾಡುತ್ತದೆ. ಒಮ್ಮೆ ಚಿಕಿತ್ಸೆ ಕೊಟ್ಟರೆ ಗುಣವಾಗಬಲ್ಲವು ಒಂದು. ದೀರ್ಘಕಾಲ ಬೇಕಾದರೂ ಖರ್ಚು ಅಷ್ಟಾಗಿ ಇಲ್ಲದವು ಇನ್ನೊಂದು. ಜೀವನಪೂರ್ತಿ ದುಬಾರಿ ಔಷಧ ಬೇಡುವವು ಮೂರನೆಯದು. 2022ರಿಂದ ಯಾವುದೇ ಗುಂಪಿನ ರೋಗಿಗೂ 50 ಲಕ್ಷ ರೂಪಾಯಿವರೆಗೆ ನೆರವು ಸಿಗುವ ಅವಕಾಶ ಇದೆ. ಅದನ್ನು ಪಡೆಯಬೇಕಾದದ್ದು ಗೊತ್ತುಮಾಡಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಎರಡೂ ಸೇರಿ ಅಂಥ ಒಂದು ಕೇಂದ್ರವಾಗಿವೆ. ಯಾವ ಮಗುವಿನ ಅರ್ಜಿ ಎಲ್ಲಿದೆ, ಯಾವ ಕಾಗದ ಬಾಕಿ ಇದೆ, ಎಷ್ಟು ಹಣ ಬಂದಿದೆ, ಎಷ್ಟು ಖರ್ಚಾಗಿದೆ ಎಂಬುದು ಎಷ್ಟೋ ಸಲ ಒಬ್ಬರ ತಲೆಯಲ್ಲೇ ಇರುತ್ತದೆ. ಕಿಣ್ವದ ಔಷಧದ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ, 50 ಲಕ್ಷ ಬೇಗ ಕರಗುತ್ತದೆ. "ಈ ಮಗುವಿನ ಹಣ ಯಾವ ತಿಂಗಳಿಗೆ ಮುಗಿಯಬಹುದು, ಆಮೇಲೆ ಯಾರ ಬಾಗಿಲು ತಟ್ಟಬೇಕು" ಎಂಬ ಒಂದು ಸಾಲು ಪ್ರತಿ ಮಗುವಿನ ಕಡತದಲ್ಲೂ ಇರಲಿ.

ಕಡತದಲ್ಲಿ ಎರಡು ಬಗೆಯ ವಿಷಯ ಸೇರಬೇಕು. ಮೊದಲನೆಯದು ತಪ್ಪಿದರೆ ಅಪಾಯವಾಗುವಂಥದ್ದು. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿಗೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಹುಡುಗ ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸುವಂತಿಲ್ಲ. ಕಿಣ್ವದ ಸೀಸೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು, ಯಾವ ಆಸ್ಪತ್ರೆಯ ಫ್ರಿಜ್ಜಿಗೆ ಜನರೇಟರ್ ಇದೆ, ಯಾವುದಕ್ಕಿಲ್ಲ. ಅಂಗವಿಕಲರ ಯುಡಿಐಡಿ ಕಾರ್ಡು ಯಾರದ್ದು ಬಂದಿದೆ, ಯಾರದ್ದು ಜಿಲ್ಲಾ ಆಸ್ಪತ್ರೆಯಲ್ಲಿ ನಿಂತಿದೆ.

ಎರಡನೆಯದು ಯಾವ ಫಾರ್ಮಿನಲ್ಲೂ ಕಾಲಂ ಇಲ್ಲದಂಥದ್ದು. ಈ ಮನೆಯಲ್ಲಿ ಮಾವನಿಗೆ ಮೊದಲು ಹೇಳಬೇಕು, ಇಲ್ಲದಿದ್ದರೆ ಸೊಸೆಗೆ ಕಷ್ಟ. ಆ ಮನೆಯಲ್ಲಿ ದೊಡ್ಡ ಮಗುವೂ ಇದೇ ಕಾಯಿಲೆಯಿಂದ ಹೋಗಿದೆ, ಅದರ ಫೋಟೊ ಗೋಡೆಯ ಮೇಲಿದೆ, ಕೇಳಿ ಅವರನ್ನು ನೋಯಿಸಬೇಡಿ. ಇವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಆರರ ಮೇಲೆ ಫೋನ್ ಮಾಡಿ. ಇಂಥ ಸಾಲುಗಳನ್ನು ಬರೆಯುವಾಗ ಒಂದು ಎಚ್ಚರ ಇರಲಿ. ಆ ಕುಟುಂಬವೇ ಒಂದು ದಿನ ಈ ಕಡತ ಓದಿದರೂ ನಾಚಿಕೆಯಾಗದಂತೆ ಬರೆಯಬೇಕು. "ಜಗಳಗಂಟಿ ತಂದೆ" ಎಂದು ಬರೆಯುವ ಬದಲು "ತಂದೆ ತುಂಬ ಆತಂಕದಲ್ಲಿದ್ದಾರೆ, ಎರಡು ಸಲ ವಿವರಿಸಿದರೆ ಒಪ್ಪುತ್ತಾರೆ" ಎಂದು ಬರೆಯಿರಿ. ಹೊಸಬರಿಗೆ ಎರಡನೆಯದೇ ಹೆಚ್ಚು ಉಪಯೋಗದ ಮಾತು.

ಇನ್ನು ಫೋನಿನ ವಿಷಯ. ಕುಟುಂಬಗಳ ಜೊತೆ ಮಾತಾಡಲು ಸಂಸ್ಥೆಯದೇ ಸಿಮ್ ಇದ್ದರೆ ಅರ್ಧ ತಲೆನೋವು ಕಡಿಮೆ. ಸ್ವಂತ ನಂಬರಿನಲ್ಲೇ ವರ್ಷಗಟ್ಟಲೆ ಮಾತಾಡಿದ್ದರೆ ಕೊನೆಯ ತಿಂಗಳಲ್ಲೇ ಎಲ್ಲರನ್ನೂ ಕಚೇರಿಯ ನಂಬರಿಗೆ ಬದಲಿಸಿ. ಕಾಯಿಲೆವಾರು ವಾಟ್ಸಾಪ್ ಗುಂಪುಗಳ ಅಡ್ಮಿನ್ ಹೊಣೆಯನ್ನು ಹೊಸಬರಿಗೆ ಕೊಟ್ಟ ಮೇಲಷ್ಟೇ ಹಳಬರು ಗುಂಪು ಬಿಡಲಿ. ಬಿಡುವ ಮುಂಚೆ ಗುಂಪಿಗೆ ಎರಡು ಸಾಲು ಬರೆದೇ ಬಿಡಲಿ. ಹೇಳದೆ ಬಿಟ್ಟುಹೋದದ್ದು ತಿಳಿದರೆ ಅಮ್ಮಂದಿರ ಗುಂಪಿನಲ್ಲಿ ರಾತ್ರಿಯೆಲ್ಲ ಊಹಾಪೋಹ. ಸ್ವಂತ ಫೋನಿನಲ್ಲಿ ಉಳಿದ ರಿಪೋರ್ಟುಗಳು, ಮಕ್ಕಳ ಫೋಟೊಗಳು, ಆಧಾರ್ ಪ್ರತಿಗಳು ಸಂಸ್ಥೆಯ ಕಡತಕ್ಕೆ ಸೇರಿ ಫೋನಿನಿಂದ ಅಳಿಯಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಇದು ಆ ಮಕ್ಕಳಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ.

ಸಮಾರಂಭ

ಮನೆಗಳಿಗೆ ಹೇಳಿಯಾಯಿತು, ಕಡತ ಕೈಬದಲಾಯಿತು ಎಂದ ಮೇಲೆ ಸಮಾರಂಭ. ಕುಟುಂಬಗಳನ್ನು ಕರೆಯಬೇಕೆ ಎಂಬುದನ್ನು ಹೋಗುವವರನ್ನೇ ಕೇಳಿ. ಕರೆಯುವುದಾದರೆ ಜಾಗ ನೆಲಮಹಡಿಯಲ್ಲಿರಲಿ. ಗಾಲಿಕುರ್ಚಿ ಬಾಗಿಲಲ್ಲಿ ಹೋಗುತ್ತದೆಯೇ, ಶೌಚಾಲಯದೊಳಗೆ ತಿರುಗುತ್ತದೆಯೇ ಎಂದು ಹಿಂದಿನ ದಿನವೇ ಒಂದು ಕುರ್ಚಿ ತಳ್ಳಿಕೊಂಡು ಹೋಗಿ ನೋಡಿ. ಪವರ್ ಗಾಲಿಕುರ್ಚಿ ಬಳಸುವ ಹುಡುಗರನ್ನು "ನಾಲ್ಕು ಜನ ಎತ್ತಿಬಿಡೋಣ" ಎನ್ನುವುದು ಅವಮಾನ, ಅಪಾಯವೂ ಹೌದು.

ಊಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಗ್ಯಾಲಕ್ಟೊಸೀಮಿಯಾ ಇರುವ ಮಗುವಿಗೆ ಹಾಲಿನ ಸಿಹಿ ಯಾವುದೂ ಆಗದು. ನಮ್ಮ ಸಮಾರಂಭಗಳ ಪೇಡ, ಬರ್ಫಿ, ಹಾಲಿನ ಪಾಯಸ ಎಲ್ಲವೂ ಅದಕ್ಕೆ ನಿಷಿದ್ಧ. ಪಿಕೆಯು (ಫಿನೈಲ್‌ಕೀಟೋನ್ಯೂರಿಯಾ) ಇರುವ ಮಗುವಿಗೆ ಹಾಲಿನ ಜೊತೆ ಬೇಳೆ, ಕಡಲೆ, ಗೋಡಂಬಿಯೂ ಆಗದು. ಶುಗರ್‌ಫ್ರೀ ತಂಪುಪಾನೀಯಗಳಲ್ಲಿರುವ ಆಸ್ಪರ್ಟೇಮ್ ಕೂಡ ಆಗದು. ಫ್ರಕ್ಟೋಸ್ ಸಹಿಸದ ಮಗುವಿಗೆ ಸಕ್ಕರೆ, ಜೇನು, ಹಣ್ಣು ಬೇಡ, ಫಲತಾಂಬೂಲದ ಬಾಳೆಹಣ್ಣನ್ನು ಪ್ರೀತಿಯಿಂದ ಬಾಯಿಗಿಡಲು ಹೋಗಬಾರದು. ಗ್ಲೈಕೋಜನ್ ಶೇಖರಣೆಯ ಕೆಲವು ಕಾಯಿಲೆಗಳಲ್ಲಿ ಮಗು ಹಸಿದು ಕಾಯುವಂತೆಯೇ ಇಲ್ಲ. ಗಂಟೆ ಲೆಕ್ಕದಲ್ಲಿ ಹಸಿ ಕಾರ್ನ್‌ಫ್ಲೋರನ್ನು ನೀರಿನಲ್ಲಿ ಕದಡಿ ಕುಡಿಸುತ್ತಿರುತ್ತಾರೆ. "ಭಾಷಣ ಮುಗಿದ ಮೇಲೆ ಊಟ" ಎಂಬ ನಮ್ಮ ರೂಢಿ ಆ ಮಗುವಿಗೆ ನಿಜಕ್ಕೂ ಅಪಾಯ. ಊಟ ಮೊದಲು, ಮಾತು ಆಮೇಲೆ ಇಟ್ಟುಕೊಳ್ಳಿ. ಯಾವ ಮಗುವಿಗೆ ಏನು ಆಗುತ್ತದೆ ಎಂದು ತಾಯಂದಿರನ್ನು ಎರಡು ದಿನ ಮೊದಲೇ ಕೇಳಿ. ಎಲ್ಲರೂ ತಿನ್ನಬಹುದಾದದ್ದು ಒಂದೂ ಇಲ್ಲದಿದ್ದರೆ, ಪ್ರತಿ ಮಗುವಿನ ತಟ್ಟೆಯಲ್ಲೂ ಅದು ತಿನ್ನಬಹುದಾದದ್ದು ಒಂದಾದರೂ ಇರುವಂತೆ ನೋಡಿಕೊಳ್ಳಿ.

ಮುಟ್ಟುವುದರಲ್ಲೂ ಜಾಗ್ರತೆ. ಎಪಿಡರ್ಮೊಲಿಸಿಸ್ ಬುಲ್ಲೋಸಾ ಇರುವ ಮಗುವಿನ ಚರ್ಮದಲ್ಲಿ ಹೂಹಾರದ ನಾರು ಉಜ್ಜಿದರೂ ಬೊಬ್ಬೆ ಏಳುತ್ತದೆ. ಮೂಳೆ ಸುಲಭವಾಗಿ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾದ ಮಗುವನ್ನು ಫೋಟೊಗೆಂದು ಎತ್ತಿಕೊಳ್ಳುವುದು ತಂದೆ ತಾಯಿ ಮಾತ್ರ.

ಫೋಟೊ, ಸ್ಲೈಡ್ ಶೋ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವೆನ್ನಿಸಬಹುದು. ಒಪ್ಪಿಗೆ ಇಲ್ಲದೆ ಒಂದು ಮಗುವಿನ ಮುಖವನ್ನೂ ಪರದೆಯ ಮೇಲೆ ಹಾಕಬೇಡಿ. ಹಿಂದೊಮ್ಮೆ ಜಾಗೃತಿ ಪೋಸ್ಟರಿಗೆ ಒಪ್ಪಿದ್ದರು ಎಂಬುದು ಇಂದಿನ ಒಪ್ಪಿಗೆಯಲ್ಲ. ಈ ಕಾಯಿಲೆಗಳಲ್ಲಿ ಹೆಚ್ಚಿನವು ವಂಶವಾಹಿಯವು. ಆ ಒಂದು ಚಿತ್ರದಿಂದ ಮದುವೆಗೆ ಬೆಳೆದ ಅಕ್ಕನ ಸಂಬಂಧ ತಪ್ಪಿಹೋಗಬಹುದು ಎಂಬ ಹೆದರಿಕೆ ನಮ್ಮ ಊರುಗಳಲ್ಲಿ ಸುಳ್ಳಲ್ಲ. ಮಕ್ಕಳು ಬಿಡಿಸಿದ ಚಿತ್ರ, ಅಂಗೈ ಅಚ್ಚು, ಹೆಸರಿಲ್ಲದ ಒಂದು ಸಾಲು, ಇವು ಮುಖಕ್ಕಿಂತ ಹೆಚ್ಚು ಹೇಳುತ್ತವೆ.

ಉಡುಗೊರೆಯ ಹಣ ಸಂಸ್ಥೆಯ ಖಾತೆಯಿಂದ ಬೇಡ. ಅದು ದಾನಿಗಳು ಔಷಧಕ್ಕೆ ಕೊಟ್ಟದ್ದು. ಕಚೇರಿಯವರು ಕೈಯಿಂದ ಹಾಕಿಕೊಳ್ಳಿ. ಲಕೋಟೆ ಸುತ್ತಿಸುವಾಗ ಕಸ ಗುಡಿಸುವ ಅಕ್ಕನಿಗೂ ಡ್ರೈವರ್ ಅಣ್ಣನಿಗೂ ಮುಜುಗರ ಆಗದಂತೆ ಯಾರು ಎಷ್ಟು ಎಂಬುದು ಗುಟ್ಟಾಗಿರಲಿ. ಶಾಲು, ಪೇಟದ ಜೊತೆಗೆ ಇನ್ನೂ ಒಂದು ಕೊಡಲೇಬೇಕು: ಬಾಕಿ ಸಂಬಳ, ಪಿಎಫ್ ಕಾಗದ, ಅರ್ಹರಾಗಿದ್ದರೆ ಗ್ರಾಚ್ಯುಟಿ, ಅನುಭವ ಪತ್ರ. ಆ ಪತ್ರದಲ್ಲಿ "ಪ್ರಾಮಾಣಿಕರು, ಶ್ರಮಜೀವಿ" ಎಂಬ ಅಚ್ಚು ಮಾತಿನ ಬದಲು ಅವರು ನೋಡಿಕೊಂಡ ಕೆಲಸದ ವಿವರ ಇರಲಿ. ಮುಂದಿನ ಕೆಲಸಕ್ಕೆ ಅದು ಬಳಕೆಗೆ ಬರುತ್ತದೆ.

ಏನು ಮಾತಾಡಬೇಕು

"ತುಂಬಲಾರದ ನಷ್ಟ", "ಇವರಿಲ್ಲದ ಸಂಸ್ಥೆಯನ್ನು ಊಹಿಸಲೂ ಆಗದು" ಎಂಬ ಮಾತುಗಳು ಮೈಕು ಹಿಡಿದ ಕೂಡಲೇ ಬಾಯಿಗೆ ಬರುತ್ತವೆ. ಸಭೆಯಲ್ಲಿ ಕುಟುಂಬಗಳು ಕೂತಿದ್ದರೆ ಈ ಮಾತು ಅವರಿಗೆ ಕೇಳಿಸುವ ರೀತಿಯೇ ಬೇರೆ. ಇವರಿಲ್ಲದೆ ಸಂಸ್ಥೆ ನಡೆಯದು ಎಂದರೆ ನಮ್ಮ ಮಗುವಿನ ಗತಿ? ಹೊಗಳಿಕೆಯನ್ನು ಬದಿಗಿಟ್ಟು, ಕಣ್ಣಾರೆ ಕಂಡ ಒಂದು ಕೆಲಸ ಹೇಳಿ. ಮೂರು ನಿಮಿಷ ಸಾಕು. ಹೀಗೆ ಹೇಳಬಹುದು:

"ಔಷಧದ ಪೆಟ್ಟಿಗೆ ಶನಿವಾರ ಸಂಜೆ ಏರ್‌ಪೋರ್ಟಿನಲ್ಲಿ ಸಿಕ್ಕಿಕೊಂಡಾಗ ನೀವು ಐಸ್‌ಪ್ಯಾಕ್ ಹಿಡಿದು ಆಟೊ ಹತ್ತಿದ್ದನ್ನು ನಾನು ನೋಡಿದ್ದೇನೆ. ಪೆಟ್ಟಿಗೆ ಬಂದ ಮೇಲೆ ಥರ್ಮಾಮೀಟರ್ ನೋಡಿ, ಆರು ಡಿಗ್ರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಸಮಯ ಹಾಕಿ, ಆಮೇಲೆ ನೀರು ಕುಡಿದಿರಿ. ಆ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ನೀವು ಬರೆದ ಹಾಗೆಯೇ ನಾನೂ ಬರೆಯುತ್ತೇನೆ."

ಕಾರ್ಡಿನಲ್ಲೂ ಅಷ್ಟೇ. "ಆಲ್ ದ ಬೆಸ್ಟ್" ಎಂಬುದರ ಕೆಳಗೆ ಹತ್ತು ಸಹಿಗಳಿದ್ದರೆ ಮನೆಗೆ ಹೋಗಿ ಓದಲು ಏನೂ ಉಳಿಯದು. "ಡಾಕ್ಟರ ಹತ್ತಿರ ಕೇಳೋದಕ್ಕೆ ಹೆದರಬೇಡಿ, ಪ್ರಶ್ನೆ ಬರ್ಕೊಂಡು ಹೋಗಿ ಅಂತ ಹೇಳ್ಕೊಟ್ಟಿರಿ, ಈಗಲೂ ಬರ್ಕೊಂಡೇ ಹೋಗ್ತೀನಿ" ಎಂದು ಒಬ್ಬ ತಂದೆ ಬರೆದರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಬರೆಯಲಾಗದ ತಾಯಂದಿರ ಮಾತನ್ನು ಫೋನಿನಲ್ಲಿ ಕೇಳಿ, ಅವರ ಮಾತಿನಲ್ಲೇ, ತಿದ್ದದೆ ಬರೆದುಕೊಳ್ಳಿ. ಕಾಯಿಲೆಯ ಹೆಸರು, ಮಗುವಿನ ಪೂರ್ತಿ ಹೆಸರು ಕಾರ್ಡಿನಲ್ಲಿ ಬೇಡ.

ಹೊಸಬರ ಬಗ್ಗೆಯೂ ಸಭೆಯಲ್ಲಿ ಒಂದು ಒಳ್ಳೆಯ ಮಾತು ಬರಲಿ, ಅದೂ ಹೋಗುವವರ ಬಾಯಲ್ಲೇ ಬರಲಿ.

ಹೋಗುವವರು ತಂದೆಯೋ ತಾಯಿಯೋ ಆಗಿದ್ದರೆ

ಇಂಥ ಸಂಸ್ಥೆಗಳಲ್ಲಿ ಬಹಳಷ್ಟನ್ನು ಕಟ್ಟಿದವರು ಕಾಯಿಲೆಯ ಮಕ್ಕಳ ತಂದೆತಾಯಿಗಳು. ಮಗುವಿನ ಔಷಧಕ್ಕಾಗಿ ಓಡಾಡುತ್ತ ಕಲಿತದ್ದನ್ನು ಉಳಿದ ಮನೆಗಳಿಗೂ ಹಂಚುತ್ತ ಕೆಲಸಕ್ಕೆ ಸೇರಿದವರು. ಅವರು ಬಿಡುವ ಕಾರಣ ಕೆಲವೊಮ್ಮೆ ಮಗು ಹೋದದ್ದೇ ಆಗಿರುತ್ತದೆ. ಆಗ ಬೀಳ್ಕೊಡುಗೆಯ ಯಾವ ರೂಢಿಯನ್ನೂ ಹಿಡಿಯಬೇಡಿ. ಒಬ್ಬರು, ಅವರಿಗೆ ತೀರ ಹತ್ತಿರದವರು, ಏಕಾಂತದಲ್ಲಿ ಮೂರು ಪ್ರಶ್ನೆ ಕೇಳಲಿ. ಸಭೆ ಬೇಕೆ? ಮಗುವಿನ ಹೆಸರು ಹೇಳಬಹುದೆ? ಯಾರು ಬರಬೇಕು? "ಏನೂ ಬೇಡ" ಎಂದರೆ ಅದನ್ನು ನಂಬಿ, ಹಾಗೆಯೇ ನಡೆದುಕೊಳ್ಳಿ. "ಹೆಸರು ಹೇಳಿ" ಎಂದರೆ ಧೈರ್ಯವಾಗಿ ಹೇಳಿ. ಎಷ್ಟೋ ತಾಯಂದಿರಿಗೆ ನೋವು ಕೊಡುವುದು ಮಗುವಿನ ಹೆಸರಲ್ಲ, ಎಲ್ಲರೂ ಆ ಹೆಸರನ್ನು ತಪ್ಪಿಸಿ ಮಾತಾಡುವುದು. ಆದರೆ ಮಗುವಿನ ಸಾವನ್ನು ಸಂಸ್ಥೆಯ ಸಾಧನೆಗೆ ಹೊಂದಿಸಿ ಮಾತಾಡುವುದು, ಆ ಮಗುವಿನ ಹೆಸರಲ್ಲಿ ನಿಧಿಯನ್ನೋ ಪ್ರಶಸ್ತಿಯನ್ನೋ ವೇದಿಕೆಯ ಮೇಲೆ ದಿಢೀರನೆ ಘೋಷಿಸುವುದು ಬೇಡವೇ ಬೇಡ. ಅದು ಮುಂದೆ, ಅವರೇ ಬಯಸಿದರೆ.

ಮಗುವನ್ನು ಕಳೆದುಕೊಂಡ ಆ ತಾಯಿಗೆ ಮಾತ್ರವಲ್ಲ, ಅದೇ ಕಾಯಿಲೆಯ ಇನ್ನೊಂದು ಮಗುವಿನ ತಾಯಿಗೂ ಸಾಂತ್ವನದ ಮಾತು ಬೇಕು. ತನ್ನ ಮಗುವಿಗೂ ಇದೇ ಆಗುವುದೇ ಎಂಬ ಭಯ ಅವರಿಗೆ ಆ ದಿನಗಳಲ್ಲಿ ಹೆಚ್ಚಾಗಿರುತ್ತದೆ. ಹೊಸ ಕೋಆರ್ಡಿನೇಟರು ಆ ವಾರ ಮೊದಲು ಫೋನ್ ಮಾಡಬೇಕಾದದ್ದು ಅಂಥ ಮನೆಗಳಿಗೆ.

ತಮ್ಮ ಮನೆಯಲ್ಲಿ ಕಾಯಿಲೆಯ ಮಗು ಇಲ್ಲದೆಯೂ ಈ ಕೆಲಸಕ್ಕೆ ಬಂದವರ ದುಃಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಐದಾರು ವರ್ಷ ದುಡಿದವರು ಕಳೆದುಕೊಂಡ ಮಕ್ಕಳು ಒಬ್ಬಿಬ್ಬರಲ್ಲ. ಹೋಗುವ ಮುನ್ನ ಆಪ್ತಸಮಾಲೋಚಕರೊಬ್ಬರ ಜೊತೆ ಒಂದೆರಡು ಸಲ ಕೂರುವ ಅನುಕೂಲ ಮಾಡಿಕೊಡಿ, ಅದರ ಖರ್ಚನ್ನು ಸಂಸ್ಥೆಯೇ ಹೊರಲಿ. ಮನಸ್ತಾಪದಿಂದ ಹೋಗುವವರಿಗೂ ಇದು ಸಲ್ಲಬೇಕು. ಸಂಬಳದ ಜಗಳ, ಆಡಳಿತದ ಮೇಲಿನ ಸಿಟ್ಟು ಏನೇ ಇದ್ದರೂ ಒಂದೇ ದಿನದಲ್ಲಿ ಗುಂಪುಗಳಿಂದ ತೆಗೆದು, ಫೋನ್ ಕಿತ್ತುಕೊಂಡು ಕಳಿಸಿದರೆ ಅದರ ಪೆಟ್ಟು ಬೀಳುವುದು ಕುಟುಂಬಗಳಿಗೆ. ಸಮಾರಂಭ ಇಲ್ಲದಿದ್ದರೂ ಮನೆಗಳಿಗೆ ಆ ಫೋನ್ ಕರೆಗಳು ಆಗಲೇಬೇಕು.

ಹೋದ ಮೇಲೆ

ತಿಂಗಳಾದ ಮೇಲೆ ಹೊಸಬರು ಹಳಬರಿಗೆ ಒಂದು ಸಲ ಫೋನ್ ಮಾಡಲಿ, ಅದನ್ನು ಮೊದಲೇ ಗೊತ್ತುಮಾಡಿಕೊಂಡಿರಲಿ. ಕಡತದಲ್ಲಿ ಅರ್ಥವಾಗದ್ದು ಆ ಹೊತ್ತಿಗೆ ಒಂದು ಪಟ್ಟಿಯಷ್ಟು ಸೇರಿರುತ್ತದೆ. ಅದಾದ ಮೇಲೆ ಕೇಳುವುದು ಕಡಿಮೆಯಾಗಬೇಕು, ಅವರಿಗೂ ಹೊಸ ಬದುಕಿದೆ.

ಕೊನೆಯ ದಿನದ ಮುಂಚೆ ಹೋಗುವವರನ್ನು ಇನ್ನೊಂದು ಮಾತು ಕೇಳಿ ಬರೆದಿಟ್ಟುಕೊಳ್ಳಬೇಕು. ಕೇಳಲು ಕಷ್ಟವಾದ ಮಾತು. "ಈ ಮಕ್ಕಳಲ್ಲಿ ಯಾರಿಗಾದರೂ ಏನಾದರೂ ಆದರೆ ನಿಮಗೆ ತಿಳಿಸಬೇಕೆ?" ಬೇಡ ಎನ್ನುವವರಿದ್ದಾರೆ, ಅದು ಕಲ್ಲುಮನಸ್ಸಲ್ಲ. ಕೆಲವರು ನಾಲ್ಕೈದು ಹೆಸರು ಮಾತ್ರ ಹೇಳುತ್ತಾರೆ. ತಿಳಿಸಬೇಕು ಎಂದಿದ್ದರೆ, ಅಂಥ ದಿನ ಬಂದಾಗ ಮೊದಲು ಆ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಸುದ್ದಿ ಬೇರೆಲ್ಲಿಂದಲೋ ತಲುಪುವ ಮೊದಲೇ ಸಂಸ್ಥೆಯಿಂದ ಒಬ್ಬರು ಫೋನ್ ಮಾಡಲಿ. ಗುಂಪಿನ ಮೆಸೇಜಿನಲ್ಲಿ ತಿಳಿಸಬಾರದು. ಯಾರು ಫೋನ್ ಮಾಡುತ್ತಾರೆ ಎಂಬ ಹೆಸರನ್ನೂ ಹಸ್ತಾಂತರದ ಕಡತದಲ್ಲಿ, ಹೋಗುವವರ ಹೊಸ ನಂಬರಿನ ಪಕ್ಕದಲ್ಲೇ ಬರೆದಿಡಿ.